ಊಟ ಮಾಡಿದವನು ಅನ್ನದ ಒಡೆಯನೇ? ಪೋಪ್‌ಗೆ ತಿರುಗಿಬಿದ್ದ ಸನ್ಯಾಸಿ ಮೈಕೆಲ್‌ನ ಕಥೆ



ಬಿ.ಕಾಂ. ಓದಿದವರಿಗೆ ಲೂಕಾ ಪಾಚೋಲಿ ಅನ್ನೋ ಹೆಸರು ಗೊತ್ತಿರುತ್ತೆ. ಡಬಲ್ ಎಂಟ್ರಿ ಲೆಕ್ಕದ ಪದ್ಧತಿಯನ್ನು 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ವಿವರಿಸಿದವನು. ಪರೀಕ್ಷೆಗೆ ನಾವೆಲ್ಲ ಆ ಹೆಸರು, ಆ ಇಸವಿ ಬಾಯಿಪಾಠ ಮಾಡಿದವರೇ. ಆದರೆ ಆತ ಒಬ್ಬ ಫ್ರಾನ್ಸಿಸ್ಕನ್ ಸನ್ಯಾಸಿ ಅನ್ನೋದು ಎಷ್ಟು ಜನಕ್ಕೆ ಗೊತ್ತು? ಫ್ರಾನ್ಸಿಸ್ಕನ್ನರು ಅಂದ್ರೆ 'ನಮ್ಮದು ಅಂತ ಏನೂ ಇಲ್ಲ' ಎಂದು ವ್ರತ ತೊಟ್ಟವರು. ಜಗತ್ತಿಗೆ ಡೆಬಿಟ್, ಕ್ರೆಡಿಟ್ ಹೇಳಿಕೊಟ್ಟವನು ಅಂಥ ಸಭೆಯವನು.

ಕೇಳೋಕೆ ವಿಚಿತ್ರ ಅನ್ನಿಸುತ್ತೆ. ಆದರೆ ಪಾಚೋಲಿಗಿಂತ ನೂರೈವತ್ತಕ್ಕೂ ಹೆಚ್ಚು ವರ್ಷ ಮೊದಲೇ, 'ನನ್ನದು' ಅನ್ನೋ ಮಾತಿನ ಅರ್ಥವೇನು ಅಂತ ಇದೇ ಸಭೆ ಪೋಪ್ ಜೊತೆ ದೊಡ್ಡ ಜಗಳ ಆಡಿತ್ತು. ಆ ಜಗಳದಲ್ಲಿ ಸಭೆಯ ಮುಖ್ಯಸ್ಥ ಕೆಲಸ ಕಳೆದುಕೊಂಡ, ಊರು ಕಳೆದುಕೊಂಡ, ಧರ್ಮದಿಂದ ಬಹಿಷ್ಕೃತನಾಗಿ ಪರದೇಶದಲ್ಲಿ ಸತ್ತ. ಅವನ ಹೆಸರು ಮೈಕೆಲ್. ಇಟಲಿಯ ಚೆಸೇನಾ ಊರಿನ ಕಡೆಯವನು. ಉಂಬರ್ಟೋ ಎಕೋನ 'ದಿ ನೇಮ್ ಆಫ್ ದಿ ರೋಸ್' ಕಾದಂಬರಿ ಓದಿದವರಿಗೆ ನೆನಪಿರಬಹುದು, ಅದರಲ್ಲಿ ಈ ಮೈಕೆಲ್ ಬಂದು ಹೋಗುತ್ತಾನೆ. ಆ ಕಥೆ ನಡೆಯೋದು 1327ರ ನವೆಂಬರ್ ಕೊನೆಯಲ್ಲಿ. ನಿಜವಾದ ಮೈಕೆಲ್‌ನ ಬದುಕು ತಲೆಕೆಳಗಾಗಲು ಶುರುವಾದದ್ದೂ ಅದೇ ಹೊತ್ತಿಗೆ.

ಮೊದಲು ಹಿನ್ನೆಲೆ, ಚುಟುಕಾಗಿ. ಅಸ್ಸಿಸಿಯ ಸಂತ ಫ್ರಾನ್ಸಿಸ್ ಬಟ್ಟೆ ವ್ಯಾಪಾರಿಯ ಮಗ. ಎಲ್ಲವನ್ನೂ ಬಿಟ್ಟು ಹೊರಟರು. ಅವರ ಸಭೆಯ ನಿಯಮಾವಳಿಗೆ 1223ರಲ್ಲಿ ಪೋಪ್ ಒಪ್ಪಿಗೆ ಸಿಕ್ಕಿತು. ಸಹೋದರರು ಹಣ ಮುಟ್ಟುವಂತಿಲ್ಲ. ಮನೆಯಾಗಲಿ, ಜಾಗವಾಗಲಿ, ಮತ್ತೇನೇ ಆಗಲಿ ತಮ್ಮದು ಮಾಡಿಕೊಳ್ಳುವಂತಿಲ್ಲ. ಬೇರೆ ಮಠಗಳಲ್ಲಿ ಸನ್ಯಾಸಿಗೆ ಸ್ವಂತ ಆಸ್ತಿ ಇರಲಿಲ್ಲ, ಆದರೆ ಮಠಕ್ಕೆ ಜಮೀನು, ಗಿರಣಿ, ದ್ರಾಕ್ಷಿ ತೋಟ ಎಲ್ಲ ಇರುತ್ತಿದ್ದವು. ಫ್ರಾನ್ಸಿಸ್ ಅವರ ಸಭೆಯಲ್ಲಿ ಮಠಕ್ಕೂ ಇಲ್ಲ. ಒಬ್ಬೊಬ್ಬರಾಗಿಯೂ ಇಲ್ಲ, ಒಟ್ಟಾಗಿಯೂ ಇಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದಿನ ಎಲ್ಲ ಗಲಾಟೆಯೂ ಇದರ ಮೇಲೆಯೇ.

1226ರಲ್ಲಿ ಫ್ರಾನ್ಸಿಸ್ ತೀರಿಕೊಂಡರು. ಹನ್ನೆರಡು ಜನರ ಗುಂಪಾಗಿ ಶುರುವಾದ ಸಭೆ ಸಾವಿರಾರು ಜನರದ್ದಾಯಿತು. ಪ್ಯಾರಿಸ್‌ನಲ್ಲಿ, ಆಕ್ಸ್‌ಫರ್ಡ್‌ನಲ್ಲಿ ಪಾಠ ಹೇಳೋಕೆ ನಿಂತರು. ಪಾಠ ಹೇಳೋಕೆ ಪುಸ್ತಕ ಬೇಕು. ಪುಸ್ತಕ ಇಡೋಕೆ ಸೂರು ಬೇಕು. ಸೂರಿಗೆ ಜಾಗ ಬೇಕು. ಆ ಜಾಗದ ಪತ್ರ ಯಾರ ಹೆಸರಲ್ಲಿರಬೇಕು?

ಇದಕ್ಕೆ ಪೋಪ್‌ಗಳೇ ಒಂದು ದಾರಿ ಹುಡುಕಿಕೊಟ್ಟರು. 1245ರಲ್ಲಿ 4ನೇ ಇನ್ನೊಸೆಂಟ್, ಆಮೇಲೆ ಇನ್ನೂ ವಿವರವಾಗಿ 1279ರಲ್ಲಿ 3ನೇ ನಿಕೋಲಸ್ ಹೇಳಿದ್ದು ಇಷ್ಟು: ಸಹೋದರರಿಗೆ ದಾನವಾಗಿ ಬಂದದ್ದರ ಒಡೆತನ ರೋಮ್‌ನ ಪೀಠದ್ದು, ಬಳಕೆ ಮಾತ್ರ ಸಹೋದರರದ್ದು. ನಿಕೋಲಸ್ ಇದನ್ನು ಒಳ್ಳೆ ವಕೀಲರ ಹಾಗೆ ಬಿಡಿಸಿಟ್ಟ. ಒಡೆತನ, ಸ್ವಾಧೀನ, ಫಲ ಅನುಭವಿಸುವ ಹಕ್ಕು, ಬಳಸುವ ಹಕ್ಕು, ಇವು ನಾಲ್ಕು. ಐದನೆಯದು ಸುಮ್ಮನೆ ಬಳಸೋದು, ಹಕ್ಕಿಲ್ಲದ ಬಳಕೆ. ಫ್ರಾನ್ಸಿಸ್ಕನ್ನರಿಗೆ ಮೊದಲ ನಾಲ್ಕೂ ಇಲ್ಲ, ಐದನೆಯದು ಮಾತ್ರ ಇದೆ.

ಇದನ್ನ ಕೇಳಿದ ತಕ್ಷಣ ನಮ್ಮ ಬಾಯಿಗೆ ಬರೋ ಪದ ಬೇನಾಮಿ. ಆಸ್ತಿ ಒಬ್ಬರ ಹೆಸರಲ್ಲಿ, ಅನುಭವಿಸೋದು ಇನ್ನೊಬ್ಬರು. ಆಗಿನ ಟೀಕಾಕಾರರು ಹೇಳುತ್ತಿದ್ದದ್ದೂ ಹೆಚ್ಚುಕಮ್ಮಿ ಇದನ್ನೇ. ಆದರೆ ಒಂದು ವ್ಯತ್ಯಾಸ ಇದೆ. ಬೇನಾಮಿ ಮಾಡುವವನು ಆಸ್ತಿ ಉಳಿಸಿಕೊಳ್ಳೋಕೆ ಹೆಸರು ಬದಲಿಸುತ್ತಾನೆ. ಇವರು ವ್ರತ ಉಳಿಸಿಕೊಳ್ಳೋಕೆ ಬದಲಿಸಿದರು. ವ್ರತ ನಿಜಕ್ಕೂ ಉಳಿಯಿತಾ ಅನ್ನೋದೇ ಮುಂದಿನ ಪ್ರಶ್ನೆ.

ಸಭೆಯ ಒಳಗೇ ಕೆಲವರು ಉಳಿದಿಲ್ಲ ಅಂದರು. ಅವರನ್ನು ಚರಿತ್ರೆಯಲ್ಲಿ ಸ್ಪಿರಿಚುವಲ್ಸ್ ಅಂತ ಕರೀತಾರೆ. ಅವರ ವಾದ ಸರಳ. ಪತ್ರದಲ್ಲಿ ಬಡತನ ಇದ್ದರೆ ಸಾಲದು, ತಟ್ಟೆಯಲ್ಲೂ ಮೈಮೇಲೂ ಇರಬೇಕು. ಉಗ್ರಾಣದಲ್ಲಿ ವರ್ಷಕ್ಕಾಗುವಷ್ಟು ಕಾಳು, ನೆಲಮಾಳಿಗೆಯಲ್ಲಿ ಪೀಪಾಯಿಗಟ್ಟಲೆ ವೈನ್ ಇಟ್ಟುಕೊಂಡು 'ಇದು ಪೋಪ್‌ದು' ಅಂದರೆ ಯಾರು ನಂಬುತ್ತಾರೆ? ಅವರು ಗಿಡ್ಡನೆಯ, ತೇಪೆ ಹಾಕಿದ ನಿಲುವಂಗಿ ತೊಡುತ್ತಿದ್ದರು. ದಕ್ಷಿಣ ಫ್ರಾನ್ಸ್‌ನ ನಾರ್ಬೊನ್, ಬೆಜಿಯೇ ಊರುಗಳಲ್ಲಿ ಅವರ ಬಲ ಹೆಚ್ಚಿತ್ತು.

ಇನ್ನು ಮೈಕೆಲ್‌ನ ವಿಷಯ. ಪ್ಯಾರಿಸ್‌ನಲ್ಲಿ ಓದಿ ದೇವಶಾಸ್ತ್ರದಲ್ಲಿ ದೊಡ್ಡ ಪದವಿ ಪಡೆದವನು. 1314ರಲ್ಲಿ ಸಭೆಯ ಮುಖ್ಯಸ್ಥ ತೀರಿಕೊಂಡಿದ್ದ, ಅದೇ ವರ್ಷ ಪೋಪ್ ಕೂಡ ತೀರಿಕೊಂಡಿದ್ದ. ಎರಡು ವರ್ಷ ಎರಡೂ ಕುರ್ಚಿ ಖಾಲಿ. 1316ರಲ್ಲಿ ನೇಪಲ್ಸ್‌ನಲ್ಲಿ ಸೇರಿದ ಸಭೆ ಮೈಕೆಲ್‌ನನ್ನು ಮಿನಿಸ್ಟರ್ ಜನರಲ್ ಆಗಿ ಆರಿಸಿತು. ಮಿನಿಸ್ಟರ್ ಅಂದರೆ ಲ್ಯಾಟಿನ್‌ನಲ್ಲಿ ಸೇವಕ ಅಂತ. ಕೆಲವೇ ತಿಂಗಳಲ್ಲಿ ಹೊಸ ಪೋಪ್ ಕೂಡ ಬಂದ, 22ನೇ ಜಾನ್. ಕಾಒರ್ ಎಂಬ ಊರಿನವನು, ವಯಸ್ಸು ಎಪ್ಪತ್ತು ದಾಟಿತ್ತು. ಆ ಊರು ಬಡ್ಡಿ ವ್ಯವಹಾರಕ್ಕೆ ಹೆಸರಾಗಿತ್ತು. ಈತ ಕಾನೂನು ಓದಿದವನು, ಆಡಳಿತಗಾರ, ಚರ್ಚ್‌ನ ಖಜಾನೆ ತುಂಬಿಸಿದವನು. ಆಗ ಪೋಪ್‌ಗಳು ಇರುತ್ತಿದ್ದದ್ದು ರೋಮ್‌ನಲ್ಲಿ ಅಲ್ಲ, ಫ್ರಾನ್ಸ್ ಕಡೆಯ ಅವಿನ್ಯೋನ್‌ನಲ್ಲಿ.

ಮೊದಮೊದಲು ಇಬ್ಬರಿಗೂ ಚೆನ್ನಾಗಿ ಹೊಂದಿಕೆಯಾಯಿತು. ಇಬ್ಬರಿಗೂ ಸಭೆಯಲ್ಲಿ ಶಿಸ್ತು ಬೇಕಿತ್ತು. 1317ರಲ್ಲಿ ಜಾನ್ ಸ್ಪಿರಿಚುವಲ್ಸ್‌ನವರನ್ನು ಅವಿನ್ಯೋನ್‌ಗೆ ಕರೆಸಿದ. ಒಂದು ಆಜ್ಞಾಪತ್ರ ಹೊರಡಿಸಿದ. ಅಂಗಿ ಎಷ್ಟು ಉದ್ದ ಇರಬೇಕು, ಕಾಳು ವೈನ್ ಕೂಡಿಡಬೇಕೋ ಬೇಡವೋ, ಇದನ್ನೆಲ್ಲ ಮೇಲಿನವರು ತೀರ್ಮಾನಿಸುತ್ತಾರೆ, ನೀವು ಪಾಲಿಸಬೇಕು ಅಷ್ಟೇ. ಬಡತನ ದೊಡ್ಡದೇ ಇರಬಹುದು, ಆದರೆ ವಿಧೇಯತೆ ಅದಕ್ಕಿಂತ ದೊಡ್ಡದು ಅನ್ನೋದು ಅದರ ಸಾರ. ಮೈಕೆಲ್ ಪೂರ್ತಿಯಾಗಿ ಪೋಪ್ ಪರ ನಿಂತ. ಆ ಸಹೋದರರನ್ನು ಎದುರಿಗೆ ನಿಲ್ಲಿಸಿ ಕೇಳಿದ: ಪಾಲಿಸುತ್ತೀರೋ ಇಲ್ಲವೋ? ಹೆಚ್ಚಿನವರು ತಲೆಬಾಗಿದರು. ಬಾಗದವರನ್ನು ಧರ್ಮವಿಚಾರಣೆಯ ಅಧಿಕಾರಿಗೆ ಒಪ್ಪಿಸಲಾಯಿತು. ಆ ಅಧಿಕಾರಿಯೂ ಫ್ರಾನ್ಸಿಸ್ಕನ್ನೇ. 1318ರ ಮೇ 7ರಂದು ಮಾರ್ಸೇ ನಗರದಲ್ಲಿ ನಾಲ್ವರು ಸಹೋದರರನ್ನು ಜೀವಂತ ಸುಟ್ಟರು.

ಇಲ್ಲಿ ಒಂದು ನಿಮಿಷ ನಿಲ್ಲೋಣ. ಮೈಕೆಲ್‌ನನ್ನು ಪೋಪ್‌ಗೆ ಎದುರು ನಿಂತ ವೀರ ಅಂತ ಪರಿಚಯಿಸುವವರು ಈ ಭಾಗವನ್ನು ಬೇಗ ದಾಟಿಸಿಬಿಡುತ್ತಾರೆ. ನನಗೆ ಇಡೀ ಕಥೆಯ ಕೀಲಿ ಇಲ್ಲೇ ಇದೆ ಅನ್ನಿಸುತ್ತೆ. ಬಡತನವನ್ನು ನಿಜವಾಗಿ ಬದುಕಿ ತೋರಿಸುತ್ತೇವೆ ಅಂದವರನ್ನು ಸಭೆ ತಾನೇ ಕೈಯಾರೆ ಕಳೆದುಕೊಂಡಿತು. ಉಳಿದದ್ದು ಏನು? ಉಗ್ರಾಣ ತುಂಬಿದ ಮಠಗಳು, ಮತ್ತು 'ಇದರ ಒಡೆಯರು ನಾವಲ್ಲ' ಅನ್ನೋ ಒಂದು ಪತ್ರ. ಮೂರ್ನಾಲ್ಕು ವರ್ಷದಲ್ಲಿ ಪೋಪ್ ಕೈ ಹಾಕಿದ್ದು ಅದೇ ಪತ್ರಕ್ಕೆ.

1321ರಲ್ಲಿ ನಾರ್ಬೊನ್‌ನಲ್ಲಿ ಒಬ್ಬ ಆರೋಪಿಯ ವಿಚಾರಣೆ ನಡೆಯುತ್ತಿತ್ತು. 'ಕ್ರಿಸ್ತನಿಗೂ ಶಿಷ್ಯರಿಗೂ ಒಬ್ಬೊಬ್ಬರಾಗಿಯೂ ಒಟ್ಟಾಗಿಯೂ ಏನೂ ಆಸ್ತಿ ಇರಲಿಲ್ಲ' ಅಂತ ಅವನು ಹೇಳಿದ್ದ. ವಿಚಾರಣಾಧಿಕಾರಿ ಡೊಮಿನಿಕನ್ ಸಭೆಯವನು, ಇದು ಧರ್ಮದ್ರೋಹ ಅಂದ. ಅಲ್ಲಿದ್ದ ಫ್ರಾನ್ಸಿಸ್ಕನ್ ಪಂಡಿತ ಬೆರೆಂಗಾರ್ ಎದ್ದು, ದ್ರೋಹ ಹೇಗಾಗುತ್ತೆ, 1279ರಲ್ಲಿ ಪೋಪ್ ನಿಕೋಲಸ್ಸೇ ಇದನ್ನು ಒಪ್ಪಿದ್ದಾನಲ್ಲ ಅಂದ. ವಿಷಯ ಅವಿನ್ಯೋನ್‌ಗೆ ಹೋಯಿತು. ನಿಕೋಲಸ್‌ನ ಪತ್ರದ ಬಗ್ಗೆ ಯಾರೂ ಚರ್ಚೆ ಮಾಡಬಾರದು ಅಂತ ಹಳೇ ನಿಷೇಧ ಇತ್ತು. 1322ರ ಮಾರ್ಚ್‌ನಲ್ಲಿ ಜಾನ್ ಆ ನಿಷೇಧವನ್ನೇ ತೆಗೆದುಹಾಕಿದ.

ಮೈಕೆಲ್‌ಗೆ ಅಪಾಯದ ವಾಸನೆ ಬಡಿಯಿತು. ಪೋಪ್ ತೀರ್ಪು ಕೊಡೋ ಮೊದಲೇ, ಜೂನ್‌ನಲ್ಲಿ ಪೆರುಜಾದಲ್ಲಿ ಸಭೆ ಸೇರಿಸಿ, ಕ್ರಿಸ್ತನ ಸಂಪೂರ್ಣ ಬಡತನ ಧರ್ಮಸಮ್ಮತ ಬೋಧನೆ ಅಂತ ಇಡೀ ಸಭೆಯ ಹೆಸರಲ್ಲಿ ಘೋಷಣೆ ಹೊರಡಿಸಿದ. ಪೋಪ್‌ಗೆ ರೇಗಿತು. ಡಿಸೆಂಬರ್ 8ರಂದು ಅವನ ಉತ್ತರ ಬಂತು, ಕಾನೂನಿನ ಭಾಷೆಯಲ್ಲಿ: ನಿಮ್ಮ ವಸ್ತುಗಳ ಒಡೆತನ ಇನ್ನು ಮುಂದೆ ನಮಗೆ ಬೇಡ, ತೆಗೆದುಕೊಳ್ಳಿ.

ಜಾನ್ ಕೊಟ್ಟ ಕಾರಣಗಳು ನಿಜಕ್ಕೂ ಗಟ್ಟಿ. ಒಂದು, ಈ ಒಡೆತನದಿಂದ ಚರ್ಚ್‌ಗೆ ನಯಾಪೈಸೆ ಲಾಭವಿಲ್ಲ. ನಮ್ಮ ಹೆಸರಲ್ಲಿ ನೀವು ಕೋರ್ಟು ಕಚೇರಿ ಅಲೆಯೋದು ಮಾತ್ರ ಆಗಿದೆ. ಎರಡು, ಒಡೆತನ ಬಿಟ್ಟಿದ್ದರಿಂದ ನಿಮ್ಮ ಆಸೆ, ಚಿಂತೆ ಏನೂ ಕಡಿಮೆಯಾಗಿಲ್ಲ. ಮೂರನೆಯದು ಎಲ್ಲಕ್ಕಿಂತ ಹರಿತ: ಬಳಸಿದರೆ ಮುಗಿದುಹೋಗುವ ವಸ್ತುವಿನಲ್ಲಿ ಬಳಕೆಯನ್ನೂ ಒಡೆತನವನ್ನೂ ಬೇರೆ ಮಾಡೋಕೇ ಆಗಲ್ಲ. ಒಂದು ಮೊಟ್ಟೆ, ಒಂದು ಚೂರು ಬ್ರೆಡ್ಡಿನ ಒಡೆತನವನ್ನು ರೋಮ್‌ಗೆ ಇಟ್ಟುಕೊಳ್ಳಬೇಕು ಅಂತ ನಿಕೋಲಸ್ ಬಯಸಿದ್ದ ಅಂದರೆ ಬುದ್ಧಿ ಇರುವ ಯಾರಾದರೂ ನಂಬುತ್ತಾರಾ ಅಂತ ಅವನು ಕೇಳಿದ.

ಇದನ್ನ ನಮ್ಮ ಅಡುಗೆಮನೆಯ ಭಾಷೆಯಲ್ಲಿ ನೋಡೋಣ. ಪಕ್ಕದ ಮನೆಯಿಂದ ಇಡ್ಲಿ ಪಾತ್ರೆ ತರ್ತೀರಿ. ಬಳಸಿ, ತೊಳೆದು, ಅದೇ ಪಾತ್ರೆ ವಾಪಸ್ ಕೊಡ್ತೀರಿ. ಇಡೀ ಹೊತ್ತು ಪಾತ್ರೆ ಅವರದ್ದೇ. ಈಗ ಒಂದು ಲೋಟ ಸಕ್ಕರೆ ತರ್ತೀರಿ. ಅದೇ ಸಕ್ಕರೆ ವಾಪಸ್ ಕೊಡೋಕೆ ಆಗುತ್ತಾ? ಕಾಫಿಗೆ ಹಾಕಿ ಕುಡಿದಾಯ್ತು. ಕುಡಿಯೋ ಹೊತ್ತಿನಲ್ಲಿ ಆ ಸಕ್ಕರೆ ಯಾರದ್ದು? ನಿಮ್ಮದೇ ಆಗಿರಬೇಕು, ಇಲ್ಲದಿದ್ದರೆ ಕರಗಿಸಿ ಮುಗಿಸೋಕೆ ನೀವ್ಯಾರು? ಇದೇ ಜಾನ್‌ನ ವಾದ. ರೋಮನ್ ಕಾನೂನಿನಲ್ಲೂ ಇದಕ್ಕೆ ಬಲ ಇತ್ತು.

ಸಭೆಯ ವಕೀಲ ಬೊನಾಗ್ರಾಸಿಯಾ 1323ರ ಜನವರಿಯಲ್ಲಿ ಪೋಪ್ ಎದುರೇ ಹೋಗಿ ಆಕ್ಷೇಪಣೆ ಸಲ್ಲಿಸಿದ. ಅವನನ್ನು ಜೈಲಿಗೆ ಹಾಕಿದರು, ಸುಮಾರು ಒಂದು ವರ್ಷ. ಆದರೆ ಅವನ ಆಕ್ಷೇಪಣೆ ನಾಟಿತ್ತು. ಜಾನ್ ತನ್ನ ಆಜ್ಞಾಪತ್ರ ವಾಪಸ್ ತರಿಸಿ ತಿದ್ದಿ ಬರೆದ. ಚರ್ಚುಗಳು, ವಾಸದ ಕಟ್ಟಡಗಳು, ಪೂಜೆಯ ವಸ್ತುಗಳ ಒಡೆತನ ಮಾತ್ರ ತನ್ನಲ್ಲೇ ಇಟ್ಟುಕೊಂಡು ಉಳಿದದ್ದನ್ನು ಬಿಟ್ಟುಕೊಟ್ಟ. ತಿದ್ದಿದ ಪ್ರತಿಗೂ ಹಳೇ ತಾರೀಕನ್ನೇ ಹಾಕಿದ, 1322ರ ಡಿಸೆಂಬರ್ 8. ಆಡಿಟರ್ ಸ್ನೇಹಿತರು ಯಾರಾದರೂ ಕೇಳ್ತಾ ಇದ್ದರೆ ಮುಗುಳ್ನಗಬಹುದು. 1323ರ ನವೆಂಬರ್ 12ರಂದು ಕೊನೆಯ ಏಟು ಬಂತು: ಕ್ರಿಸ್ತನಿಗೂ ಶಿಷ್ಯರಿಗೂ ಏನೂ ಇರಲಿಲ್ಲ ಅಂತ ಹಟ ಹಿಡಿದು ಹೇಳುವುದು ಧರ್ಮದ್ರೋಹ.

ಆಗ ಮೈಕೆಲ್ ಏನು ಮಾಡಿದ? ತಕ್ಷಣ ಬಂಡೇಳಲಿಲ್ಲ. ನಾಲ್ಕು ವರ್ಷ ತಾಳಿಕೊಂಡ. 1325ರಲ್ಲಿ ಲಿಯೋನ್‌ನಲ್ಲಿ ಸಭೆ ಸೇರಿದಾಗ, ಪೋಪ್ ಬಗ್ಗೆ ಯಾರೂ ಅಗೌರವದ ಮಾತಾಡಬಾರದು ಅಂತ ಸಹೋದರರಿಗೆ ಕಟ್ಟಪ್ಪಣೆ ಮಾಡಿದ. ಒಂದು ದೊಡ್ಡ ಸಂಸ್ಥೆಯ ಮುಖ್ಯಸ್ಥ ಮಾಡೋ ಹಾಗೆಯೇ ಮಾಡಿದ, ಕಾಲ ತಳ್ಳಿದ.

1327ರಲ್ಲಿ ಪೋಪ್ ಅವನನ್ನು ಅವಿನ್ಯೋನ್‌ಗೆ ಕರೆಸಿದ. ಹುಷಾರಿಲ್ಲ ಅಂತ ಹೇಳಿ ಕಳಿಸಿ, ತಡಮಾಡಿ, ಡಿಸೆಂಬರ್ 1ಕ್ಕೆ ಬಂದ. ಬಂದವನಿಗೆ ಊರು ಬಿಟ್ಟು ಹೋಗಬಾರದು ಅಂತ ಆಜ್ಞೆಯಾಯಿತು. ಅದೇ ಊರಲ್ಲಿ ಇನ್ನೊಬ್ಬ ಫ್ರಾನ್ಸಿಸ್ಕನ್ ತನ್ನ ಮೇಲಿನ ಬೇರೆ ವಿಚಾರಣೆಗಾಗಿ 1324ರಿಂದ ಕಾಯುತ್ತಾ ಕೂತಿದ್ದ. ಇಂಗ್ಲೆಂಡಿನ ತತ್ವಶಾಸ್ತ್ರಜ್ಞ, ಓಕಮ್‌ನ ವಿಲಿಯಂ. ಹೌದು, 'ಓಕಮ್ಸ್ ರೇಜರ್' ಅಂತೀವಲ್ಲ, ಅದೇ ಓಕಮ್. ಅವನೇ ಆಮೇಲೆ ಬರೆದುಕೊಂಡಿದ್ದಾನೆ: ಪೋಪ್‌ನ ಆಜ್ಞಾಪತ್ರಗಳನ್ನು ತಾನು ಓದಿಯೇ ಇರಲಿಲ್ಲ, ಮೇಲಿನವರು ಹೇಳಿದ ಮೇಲೆ ಓದಿದೆ, ಓದಿದಾಗ ಅದರ ತುಂಬ ತಪ್ಪುಗಳೇ ಕಂಡವು ಅಂತ.

1328ರ ಏಪ್ರಿಲ್ 9ರಂದು ಪೋಪ್ ಎಲ್ಲರೆದುರು ಮೈಕೆಲ್‌ನನ್ನು ಕಟುವಾಗಿ ಬೈದ. ನಾಲ್ಕು ದಿನ ಬಿಟ್ಟು ಮೈಕೆಲ್ ಗುಟ್ಟಾಗಿ ಒಂದು ಪ್ರತಿಭಟನಾ ಪತ್ರ ಬರೆದು, ನೋಟರಿ ಮುಂದೆ ಸಾಕ್ಷಿ ಹಾಕಿಸಿಟ್ಟುಕೊಂಡ. ಮೇ ತಿಂಗಳಲ್ಲಿ ಬೊಲೊನ್ಯಾದಲ್ಲಿ ಸಭೆಯ ಚುನಾವಣೆ. ಬೇರೆಯವರನ್ನು ಆರಿಸಬೇಕು ಅನ್ನೋದು ಪೋಪ್ ಇಚ್ಛೆ. ಸಹೋದರರು ಮತ್ತೆ ಮೈಕೆಲ್‌ನನ್ನೇ ಆರಿಸಿದರು. ಮೇ 26ರ ರಾತ್ರಿ ಮೈಕೆಲ್, ಬೊನಾಗ್ರಾಸಿಯಾ, ಓಕಮ್ ಅವಿನ್ಯೋನ್‌ನಿಂದ ಪರಾರಿಯಾದರು. ಎಗ್‌ಮೋರ್ತ್ ಬಂದರಿನಲ್ಲಿ ಹಡಗು ಹತ್ತಿದರು. ಬೆನ್ನಟ್ಟಿ ಬಂದ ಕಾರ್ಡಿನಲ್ ಕೈಗೆ ಸಿಗಲಿಲ್ಲ. ಜೂನ್ 9ಕ್ಕೆ ಇಟಲಿಯ ಪೀಸಾ ತಲುಪಿದರು. ಅಷ್ಟರಲ್ಲಿ ಪೋಪ್ ಅವನನ್ನು ಹುದ್ದೆಯಿಂದ ಕಿತ್ತುಹಾಕಿ ಬಹಿಷ್ಕಾರ ಹಾಕಿಯಾಗಿತ್ತು.

ಆಶ್ರಯ ಕೊಟ್ಟದ್ದು ಬವೇರಿಯಾದ ಲುಡ್ವಿಗ್, ಪೋಪ್‌ನ ರಾಜಕೀಯ ಶತ್ರು. ಅವನು ರೋಮ್‌ಗೆ ಹೋಗಿ ಚಕ್ರವರ್ತಿ ಕಿರೀಟ ತೊಟ್ಟು, ತನ್ನದೇ ಒಬ್ಬ ಫ್ರಾನ್ಸಿಸ್ಕನ್ ಸನ್ಯಾಸಿಯನ್ನು ಎದುರು ಪೋಪ್ ಆಗಿ ಕೂರಿಸಿದ್ದ. ಆ ಪಾಪದವನು ಎರಡೇ ವರ್ಷದಲ್ಲಿ ಕೊರಳಿಗೆ ಹಗ್ಗ ಹಾಕಿಕೊಂಡು ಅವಿನ್ಯೋನ್‌ಗೆ ಹೋಗಿ ಶರಣಾದ. ಮೈಕೆಲ್ ಶರಣಾಗಲಿಲ್ಲ. ಲುಡ್ವಿಗ್ ಜೊತೆ ಮ್ಯೂನಿಕ್‌ಗೆ ಹೋಗಿ ಅಲ್ಲಿನ ಫ್ರಾನ್ಸಿಸ್ಕನ್ ಮಠದಲ್ಲಿ ನೆಲೆನಿಂತ. 1329ರಲ್ಲಿ ಪ್ಯಾರಿಸ್‌ನಲ್ಲಿ ಸೇರಿದ ಸಭೆ ಪೋಪ್‌ಗೆ ಬೇಕಾದವನನ್ನು ಹೊಸ ಮುಖ್ಯಸ್ಥನಾಗಿ ಆರಿಸಿತು. ಹಿಂದಿನ ವರ್ಷ ಮೈಕೆಲ್‌ಗೆ ಓಟು ಹಾಕಿದ್ದ ಸಭೆ, ಈಗ ಬಹುಪಾಲು ಪೋಪ್ ಹಿಂದೆ ಹೋಯಿತು. ಮೇಲಿನವರಿಗೆ ವಿಧೇಯರಾಗಿರಿ ಅಂತ ಅವರಿಗೆ ಹತ್ತು ವರ್ಷದ ಹಿಂದೆ ಪಾಠ ಹೇಳಿದವನು ಮೈಕೆಲ್ಲೇ ಅಲ್ವಾ?

ಆದರೆ ಜಗಳದ ನಿಜವಾದ ಹುರುಳು ಬಂದದ್ದು ಈ ಸೋಲಿನ ನಂತರ. ಪೋಪ್ ಕೇಳಿದ್ದ: ಹಕ್ಕಿಲ್ಲದೆ ಬಳಸಿದರೆ ಅದು ಅನ್ಯಾಯದ ಬಳಕೆ ಆಗಲ್ವಾ? ಬೊನಾಗ್ರಾಸಿಯಾ ಒಂದು ಉದಾಹರಣೆ ಕೊಟ್ಟಿದ್ದ: ಕುದುರೆ ಓಟ್ಸ್ ತಿನ್ನುತ್ತೆ, ಅದರ ಒಡೆತನ ಕುದುರೆಗಿದೆಯಾ? ಪೋಪ್ ಒಪ್ಪಲಿಲ್ಲ. ಓಕಮ್ ಇದನ್ನು ಇನ್ನೂ ಚೆನ್ನಾಗಿ ಬಿಡಿಸಿದ. ಹಕ್ಕು ಅಂದರೆ ಏನು? ತಪ್ಪು ಮಾಡದ ಹೊರತು ನಿನ್ನಿಂದ ಕಸಿಯಲಾಗದ್ದು, ಕಸಿದರೆ ನೀನು ಕೋರ್ಟಿಗೆ ಹೋಗಬಹುದಾದದ್ದು. ಅನುಮತಿ ಬೇರೆ. ಕೊಟ್ಟವನು ಯಾವಾಗ ಬೇಕಾದರೂ ವಾಪಸ್ ತೆಗೆದುಕೊಳ್ಳಬಹುದು.

ಮದುವೆ ಊಟಕ್ಕೆ ಹೋಗಿದ್ದೀರಿ ಅಂದುಕೊಳ್ಳಿ. ಎಲೆ ಮೇಲೆ ಹೋಳಿಗೆ ಬಡಿಸಿದರು. ತಿನ್ನಬಹುದು, ಕಳ್ಳತನ ಅಲ್ಲ. ಆದರೆ ಆ ಹೋಳಿಗೆ ಕಟ್ಟಿಕೊಂಡು ಹೊರಗೆ ಮಾರೋಕೆ ಆಗಲ್ಲ. ಎರಡನೇ ಸಲ ಬಡಿಸಲಿಲ್ಲ ಅಂತ ಬೀಗರ ಮೇಲೆ ಕೇಸ್ ಹಾಕೋಕೂ ಆಗಲ್ಲ. ನ್ಯಾಯವಾಗಿಯೇ ತಿಂದಿರಿ, ಆದರೆ ಒಡೆಯರಾಗಲಿಲ್ಲ. ಫ್ರಾನ್ಸಿಸ್ಕನ್ನರು ಹೇಳಿದ್ದು ಇದನ್ನೇ: ನಾವು ಈ ಲೋಕದಲ್ಲಿ ಊಟಕ್ಕೆ ಬಂದ ಅತಿಥಿಗಳು. ಎಬ್ಬಿಸಿದರೆ ಎದ್ದು ಹೋಗುತ್ತೇವೆ. ಕೋರ್ಟಿಗೆ ಹೋಗಲ್ಲ.

1329ರ ನವೆಂಬರ್‌ನಲ್ಲಿ ಜಾನ್ ಮೈಕೆಲ್‌ಗೆ ಉದ್ದನೆಯ ಉತ್ತರ ಬರೆದ. ಹವ್ವ ಹುಟ್ಟೋ ಮೊದಲು ಆದಾಮ ಒಬ್ಬನೇ ಇದ್ದಾಗಲೇ ಅವನಿಗೆ ಒಡೆತನ ಇತ್ತು, ಹಾಗಾಗಿ ಒಡೆತನ ದೇವರೇ ಕೊಟ್ಟದ್ದು ಅಂದ. ಮೈಕೆಲ್‌ನ ಬಣ ಇಲ್ಲ ಅಂದಿತು: ಆಗ ಇದ್ದದ್ದು ಎಲ್ಲರದ್ದೂ ಆದ ಲೋಕ, 'ನನ್ನದು, ನಿನ್ನದು' ಬಂದದ್ದು ಪಾಪದ ನಂತರ, ಮನುಷ್ಯರ ಕಾನೂನಿನಿಂದ. ಹಕ್ಕು ಅನ್ನೋ ಕಲ್ಪನೆಯ ಇತಿಹಾಸ ಬರೆಯುವವರು ಇವತ್ತಿಗೂ ಈ ಜಗಳವನ್ನು ಓದುತ್ತಾರೆ. ಹಸಿವಿನಿಂದ ಸಾಯುತ್ತಿರುವವನು ಯಾರದೇ ಅನ್ನ ತಿನ್ನಬಹುದು, ಅದು ಯಾವ ಕಾನೂನೂ ಕಸಿಯಲಾಗದ ಸಹಜ ಹಕ್ಕು ಅನ್ನೋ ಮಾತೂ ಓಕಮ್‌ನ ವಾದದಲ್ಲಿದೆ.

ಹಾಗಾದರೆ ಯಾರು ಸರಿ? ಲೆಕ್ಕದ ಪುಸ್ತಕ ಹಿಡಿದು ಕೂತರೆ ನಾನು ಪೋಪ್ ಪರ. ಉಗ್ರಾಣದ ಕೀಲಿ ಯಾರ ಕೈಲಿದೆಯೋ, ಯಾವಾಗ ಎಷ್ಟು ತೆಗೀಬೇಕು ಅಂತ ಯಾರು ತೀರ್ಮಾನಿಸುತ್ತಾರೋ ಅವರೇ ಒಡೆಯರು. ಪತ್ರದಲ್ಲಿ ಏನೇ ಬರೆದಿರಲಿ. ಆದರೆ ಪೋಪ್ ಅಷ್ಟಕ್ಕೇ ನಿಲ್ಲಲಿಲ್ಲ. ನೀವು ಬಡವರಾಗಿ ಬದುಕುತ್ತಿಲ್ಲ ಅಂತ ಮಾತ್ರ ಅವನು ಹೇಳಲಿಲ್ಲ, ಹಾಗೆ ಬದುಕೋಕೆ ಯಾರಿಗೂ ಸಾಧ್ಯವೇ ಇಲ್ಲ ಅಂದ. ಅಲ್ಲಿ ಮೈಕೆಲ್ ಸರಿ ಅನ್ನಿಸುತ್ತೆ. ಒಬ್ಬ ಮನುಷ್ಯ ತನ್ನ ಹಕ್ಕನ್ನು ಬೇಡ ಅನ್ನಬಹುದು.

ಮೈಕೆಲ್‌ನ ದುರಂತ ಏನಂದರೆ, ಈ ಮಾತನ್ನು ಬದುಕಿ ತೋರಿಸಬಲ್ಲ ಸಾಕ್ಷಿಗಳು ಅವನ ಬಳಿ ಇದ್ದರು. ಗಿಡ್ಡ ಅಂಗಿ ತೊಟ್ಟವರು, ಕಾಳು ಕೂಡಿಡದವರು. ಪೋಪ್ ಬಂದು 'ಎಲ್ಲಿದೆ ನಿಮ್ಮ ಬಡತನ, ತೋರಿಸಿ' ಅಂದಾಗ ಅವರನ್ನು ತೋರಿಸಬಹುದಿತ್ತು. ಅವರಲ್ಲಿ ನಾಲ್ವರು ಮಾರ್ಸೇಯಲ್ಲಿ ಬೂದಿಯಾಗಿದ್ದರು. ಅವರನ್ನು ಸುಡೋಕೆ ಬಳಸಿದ ನಿಯಮವೇ, ಮೇಲಿನವನು ಹೇಳಿದ್ದನ್ನು ಪಾಲಿಸು ಅನ್ನೋ ನಿಯಮವೇ, ಹತ್ತು ವರ್ಷಕ್ಕೆ ಮೈಕೆಲ್‌ನ ಬಾಗಿಲಿಗೂ ಬಂತು. ಬೇರೆಯವರ ಮೇಲೆ ಬೀಸೋಕೆ ಅಂತ ದೊಣ್ಣೆ ಕೊಡುವಾಗ, ಅದನ್ನು ಹಿಡಿದವನು ನಾಳೆ ಯಾವ ಕಡೆ ತಿರುಗುತ್ತಾನೆ ಅಂತ ಯೋಚಿಸಬೇಕು. ದೊಡ್ಡ ಸಂಸ್ಥೆಗಳಲ್ಲಿ ಕೆಲಸ ಮಾಡೋ ಎಷ್ಟೋ ಜನಕ್ಕೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ.

ಪೋಪ್ ಜಾನ್ 1334ರಲ್ಲಿ ತೀರಿಕೊಂಡ. ಕೊನೆಗಾಲದಲ್ಲಿ ಸತ್ತವರ ಆತ್ಮ ದೇವರನ್ನು ಯಾವಾಗ ಕಾಣುತ್ತೆ ಅನ್ನೋ ವಿಷಯದಲ್ಲಿ ಅವನು ಹೇಳಿದ್ದೇ ವಿವಾದವಾಗಿ, ಸಾಯೋ ಮುನ್ನ ಮಾತು ವಾಪಸ್ ತೆಗೆದುಕೊಳ್ಳಬೇಕಾಯಿತು. ಮೈಕೆಲ್ ಕೊನೆವರೆಗೂ ತಾನೇ ಸಭೆಯ ನಿಜವಾದ ಮುಖ್ಯಸ್ಥ ಅನ್ನುತ್ತಾ, ಪತ್ರ ಬರೆಯುತ್ತಾ, 1342ರ ನವೆಂಬರ್ 29ರಂದು ಮ್ಯೂನಿಕ್‌ನಲ್ಲಿ ತೀರಿಕೊಂಡ. ಸಭೆಯ ಮೊಹರು ಅವನ ಹತ್ತಿರವೇ ಇತ್ತು. ಏನೂ ತನ್ನದಲ್ಲ ಅಂತ ಹೋರಾಡಿದವನು ಹದಿನಾಲ್ಕು ವರ್ಷ ಬಿಡದೆ ಹಿಡಿದುಕೊಂಡಿದ್ದು ಆ ಒಂದು ವಸ್ತುವನ್ನು. ಅವನ ನಂತರ ಅದು ಓಕಮ್ ಕೈಗೆ ಬಂತು, ಆಮೇಲೆ ಸಭೆಗೆ ವಾಪಸ್ ಹೋಯಿತು.

ಅವರನ್ನು ಹೂಳಿದ ಮಠ ಈಗ ಇಲ್ಲ. 1800ರ ದಶಕದ ಆರಂಭದಲ್ಲಿ ಅದನ್ನು ಕೆಡವಿದರು. ಆ ಜಾಗದಲ್ಲಿ ಈಗ ಮ್ಯೂನಿಕ್‌ನ ಮ್ಯಾಕ್ಸ್ ಯೋಸೆಫ್ ಚೌಕ ಮತ್ತು ಒಪೆರಾ ಮಂದಿರ ಇವೆ. ಮೈಕೆಲ್‌ನ ಹೆಸರಲ್ಲಿ ಅಲ್ಲಿ ಒಂದು ಗೋರಿಯಷ್ಟು ಜಾಗವೂ ಉಳಿದಿಲ್ಲ.

ಇವತ್ತಿಗೆ ಇಷ್ಟು. ಯಾರ ವಾದ ನಿಮಗೆ ಸರಿ ಅನ್ನಿಸಿತು, ಸಕ್ಕರೆ ಲೋಟದ್ದೋ, ಹೋಳಿಗೆಯದ್ದೋ, ಬರೆದು ಕಳಿಸಿ.